ಕಲಬುರಗಿಯ ವೈದ್ಯರು, ವಾಷಿಂಗ್ಟನ್ನಿನ ಒಂದು ಮತ, ಗೋಗಿಯ ಯುರೇನಿಯಂ: ಒಂದು ಪ್ರಕರಣ ಅಧ್ಯಯನ

ಅಮೆರಿಕದಲ್ಲಿರುವ ನಮ್ಮವರು ಒತ್ತಡ ಹಾಕಿದ್ದರಿಂದಲೇ ಭಾರತ–ಅಮೆರಿಕ ಅಣು ಒಪ್ಪಂದ ಕೈಗೂಡಿತು ಎಂಬ ಮಾತನ್ನು 2008ರಿಂದೀಚೆಗೆ ಕಲಬುರಗಿಯ ತರಗತಿಗಳಲ್ಲೂ ಮದುವೆಯ ಪಂಕ್ತಿಗಳಲ್ಲೂ ಕೇಳುತ್ತಲೇ ಬಂದಿದ್ದೇನೆ. ಹೇಳುವವರಿಗೆ ಅದರಲ್ಲಿ ಹೆಮ್ಮೆ ಇರುತ್ತದೆ. ಕೇಳುವವರಿಗೆ ಅದನ್ನು ಒರೆಗೆ ಹಚ್ಚುವ ದಾರಿ ಇರುವುದಿಲ್ಲ. ಅನಿವಾಸಿಗಳ ಸಂಘಟನೆಗಳು ಒಂದು ದೇಶದ ವಿದೇಶಾಂಗ ನೀತಿಯನ್ನು ನಿಜಕ್ಕೂ ತಿರುಗಿಸಬಲ್ಲವೇ ಎಂಬ ಪ್ರಶ್ನೆಯನ್ನು ಒಟ್ಟಾರೆಯಾಗಿ ಎತ್ತಿಕೊಂಡರೆ ಉತ್ತರ ಹೇಳುವವರ ಮನೋಧರ್ಮಕ್ಕೆ ತಕ್ಕಂತೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಆದ್ದರಿಂದ ಇಲ್ಲಿ ಕಲಬುರಗಿ ಕಡೆಯಿಂದ ಅಮೆರಿಕಕ್ಕೆ ಹೋದ ವೈದ್ಯರ ಒಂದೇ ಸಂಘ, ಅಮೆರಿಕದ ಪ್ರತಿನಿಧಿ ಸಭೆಯ ಒಬ್ಬರೇ ಸದಸ್ಯರು, ಒಂದೇ ಮಸೂದೆ, ಇಷ್ಟನ್ನು ಮಾತ್ರ ಹಿಡಿದು, ಯಾವ ಹಂತದಲ್ಲಿ ಯಾರು ಏನು ನಿರ್ಧರಿಸಿದರು ಮತ್ತು ಅದರಿಂದ ಏನಾಯಿತು ಎಂಬುದನ್ನು ನೋಡಿದ್ದೇನೆ.

ಸಂಘದ ಸದಸ್ಯರು ರಚಿಸಿಕೊಂಡ ಸಮಿತಿಯ ನಡಾವಳಿ, ಪತ್ರಗಳ ನಕಲುಗಳು ಮತ್ತು ರಜೆಗೆ ಊರಿಗೆ ಬಂದಾಗ ಸದಸ್ಯರು ಬಿಚ್ಚಿ ಹೇಳಿದ ಮಾತುಗಳು ಈ ಬರಹಕ್ಕೆ ಆಧಾರ. ಸಂಘದ ಹೆಸರು, ಅದು ಇರುವ ರಾಜ್ಯ, ಪ್ರತಿನಿಧಿಯ ಹೆಸರು ಮತ್ತು ಪಕ್ಷ ಇವನ್ನು ಬಿಟ್ಟಿದ್ದೇನೆ. ಗುರುತು ಸಿಗದಂತೆ ಕೆಲವು ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ. ಕಾನೂನು, ದಿನಾಂಕ ಮತ್ತು ಸದನಗಳ ಮತಗಣನೆ ಮಾತ್ರ ಸಾರ್ವಜನಿಕ ದಾಖಲೆಯಲ್ಲಿ ಇರುವಂತೆಯೇ ಇವೆ.

ಹಿನ್ನೆಲೆ

ಗುಲಬರ್ಗಾದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಅಮೆರಿಕ ತನ್ನ ವಲಸೆ ಕಾನೂನನ್ನು ತಿದ್ದಿ ಏಷ್ಯಾದ ವೃತ್ತಿಪರರಿಗೆ ಬಾಗಿಲು ತೆರೆದದ್ದು 1965ರಲ್ಲಿ. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿರಲಿಲ್ಲವಾದರೂ, ಎಪ್ಪತ್ತರ ದಶಕದಲ್ಲಿ ಇವೆರಡೂ ಸೇರಿ ಗುಲಬರ್ಗಾ, ಬೀದರ್, ರಾಯಚೂರು ಕಡೆಯ ಅನೇಕ ಯುವ ವೈದ್ಯರನ್ನು ಅಮೆರಿಕದ ಒಳನಾಡಿಗೆ ತಲುಪಿಸಿದವು. ದೊಡ್ಡ ನಗರಗಳ ಹೆಸರಾಂತ ಆಸ್ಪತ್ರೆಗಳಲ್ಲಿ ಜಾಗ ಸಿಗದಿದ್ದಾಗ ಅವರು ಸ್ಥಳೀಯ ವೈದ್ಯರು ಹೋಗಲೊಲ್ಲದ ಸಣ್ಣ ಪಟ್ಟಣಗಳಿಗೆ ಹೋದರು. ನಂತರದ ತಲೆಮಾರಿನವರು ಜೆ-1 ವೀಸಾದಲ್ಲಿ ತರಬೇತಿಗೆ ಹೋದವರು. ಆ ವೀಸಾದವರು ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ನಿಯಮವಿದೆ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಕೆಲಸ ಮಾಡಲು ಒಪ್ಪಿದವರಿಗೆ ಅದರಿಂದ ವಿನಾಯಿತಿ ಕೊಡಲು ಪ್ರತಿ ರಾಜ್ಯಕ್ಕೂ ಅವಕಾಶ ನೀಡುವ, ಸೆನೆಟರ್ ಕೆಂಟ್ ಕಾನ್ರಾಡ್ ಅವರ ಹೆಸರಿನ ಯೋಜನೆ 1994ರಲ್ಲಿ ಬಂದಿತು. ಹೀಗಾಗಿ ಎರಡನೆಯ ತಲೆಮಾರೂ ಸಣ್ಣ ಪಟ್ಟಣಗಳಿಗೇ ಸೇರಿತು.

ಈ ವಿವರ ಮುಖ್ಯ. ಮತದಾರರ ಲೆಕ್ಕದಲ್ಲಿ ನಮ್ಮ ಸಂಘ ಆ ಕ್ಷೇತ್ರದಲ್ಲಿ ಲೆಕ್ಕಕ್ಕೇ ಇರಲಿಲ್ಲ; ಮಕ್ಕಳನ್ನೂ ಸೇರಿಸಿಕೊಂಡರೂ ಒಂದು ಸಣ್ಣ ಕಲ್ಯಾಣ ಮಂಟಪ ತುಂಬುತ್ತಿರಲಿಲ್ಲ. ಆದರೆ ಸುತ್ತಲಿನ ಕೌಂಟಿಗಳಿಗೆಲ್ಲ ಇದ್ದ ಹೃದ್ರೋಗ ತಜ್ಞರು, ಮೂತ್ರಪಿಂಡ ತಜ್ಞರು, ಮಕ್ಕಳ ವೈದ್ಯರು ಇವರೇ. ಪ್ರತಿನಿಧಿಯ ಸ್ಥಳೀಯ ಕಚೇರಿಯ ಸಿಬ್ಬಂದಿಗೆ ಇವರ ಹೆಸರುಗಳು ಮೊದಲೇ ಗೊತ್ತಿದ್ದವು. ಅನಿವಾಸಿಗಳ ಪ್ರಭಾವವನ್ನು ಜನಸಂಖ್ಯೆಯಿಂದ ಅಥವಾ ಕೊಡುವ ದೇಣಿಗೆಯಿಂದ ಮಾತ್ರ ಅಳೆಯುವ ವಿದ್ವಾಂಸರು ಇಂಥ ಸಣ್ಣ ಊರಿನ ಪರಿಚಯಕ್ಕೆ ಅಷ್ಟಾಗಿ ಬೆಲೆ ಕೊಡುವುದಿಲ್ಲ ಎಂಬುದು ನನ್ನ ಅನಿಸಿಕೆ.

ಸಂಘ ಅಲ್ಲಿಯವರೆಗೆ ಮಾಡುತ್ತಿದ್ದದ್ದು ಯುಗಾದಿಯ ಹೋಳಿಗೆ ಊಟ, ಬಸವ ಜಯಂತಿ, ಊರಿನ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ, ಆಳಂದ ಮತ್ತು ಅಫಜಲಪುರ ಕಡೆ ಕಣ್ಣಿನ ತಪಾಸಣಾ ಶಿಬಿರ. ರಾಜಕೀಯ ಅದರ ಕಾರ್ಯಸೂಚಿಯಲ್ಲಿ ಇರಲೇ ಇಲ್ಲ.

ಒಪ್ಪಂದ ಮತ್ತು ಅದರ ತೊಡಕು

2005ರ ಜುಲೈ 18ರಂದು ವಾಷಿಂಗ್ಟನ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಮತ್ತು ಅಧ್ಯಕ್ಷ ಜಾರ್ಜ್ ಬುಷ್ ಜಂಟಿ ಹೇಳಿಕೆ ನೀಡಿದರು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕದ, 1974ರಲ್ಲಿ ಮತ್ತು 1998ರಲ್ಲಿ ಪೋಖ್ರಾನ್‌ನಲ್ಲಿ ಸ್ಫೋಟ ನಡೆಸಿದ ಭಾರತಕ್ಕೆ ನಾಗರಿಕ ಬಳಕೆಯ ಅಣು ಇಂಧನ ಮತ್ತು ತಂತ್ರಜ್ಞಾನ ಕೊಡಲು ಅಮೆರಿಕದ 1954ರ ಅಣುಶಕ್ತಿ ಕಾನೂನು ಅಡ್ಡಿಯಾಗಿತ್ತು. ಆ ಕಾನೂನಿನಿಂದ ಭಾರತಕ್ಕೆ ವಿನಾಯಿತಿ ಬೇಕಾದರೆ ಅಲ್ಲಿನ ಎರಡೂ ಸದನಗಳು ಒಪ್ಪಬೇಕಿತ್ತು. 2006ರ ಮಾರ್ಚ್‌ನಲ್ಲಿ ಭಾರತ ತನ್ನ 22 ರಿಯಾಕ್ಟರ್‌ಗಳ ಪೈಕಿ 14ನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಹಂತಹಂತವಾಗಿ ಒಪ್ಪಿಸುವುದಾಗಿ ತಿಳಿಸಿತು. ಆ ಕಾಲಕ್ಕೆ ದೇಶದ ಅಣುಸ್ಥಾವರಗಳು ಯುರೇನಿಯಂ ಕೊರತೆಯಿಂದಾಗಿ ಪೂರ್ಣ ಸಾಮರ್ಥ್ಯದಲ್ಲಿ ನಡೆಯುತ್ತಿರಲಿಲ್ಲ.

ಭಾರತೀಯ ಮೂಲದ ವೈದ್ಯರ ರಾಷ್ಟ್ರಮಟ್ಟದ ಸಂಘ ಅಮೆರಿಕದಲ್ಲಿ 1982ರಿಂದಲೂ ಇತ್ತು. ಪ್ರತಿನಿಧಿ ಸಭೆಯಲ್ಲಿ ಭಾರತದ ಪರವಾದ ಸದಸ್ಯರ ಕೂಟ 1993ರಲ್ಲಿ ಹುಟ್ಟಿಕೊಂಡಿತ್ತು. ಈ ದೊಡ್ಡ ಸಂಘಟನೆಗಳಿಂದ 2006ರ ವಸಂತದಲ್ಲಿ ನಮ್ಮ ಸಂಘಕ್ಕೂ ಕರೆ ಬಂದಿತು: ನಿಮ್ಮ ಕ್ಷೇತ್ರದ ಪ್ರತಿನಿಧಿ ಇನ್ನೂ ಯಾವ ಕಡೆಗೂ ವಾಲಿಲ್ಲ, ಅವರನ್ನು ನೀವು ನೋಡಿಕೊಳ್ಳಿ.

ಸಭೆ ಸೇರಿದಾಗ ಮೊದಲು ಎದುರಾದದ್ದು ಕಾನೂನಿನ ಪ್ರಶ್ನೆ. ಸಂಘ ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆ. ಅಂಥ ಸಂಸ್ಥೆ ಚುನಾವಣಾ ಅಭ್ಯರ್ಥಿಯ ಪರ ನಿಲ್ಲುವಂತಿಲ್ಲ. ಮಸೂದೆಯ ಪರವಾಗಿ ಕೆಲಸ ಮಾಡುವುದಕ್ಕೂ ಮಿತಿಯಿದೆ. ಕಾರ್ಯದರ್ಶಿಯವರ ಒತ್ತಾಯದ ಮೇಲೆ ಸಂಘದಿಂದ ಹೊರಗೆ ಒಂದು ಸಣ್ಣ ಸಮಿತಿ ರಚನೆಯಾಯಿತು. ಅದಕ್ಕೆ ಸಂಘದ ಹಣವಿಲ್ಲ, ಸಂಘದ ಲೆಟರ್‌ಹೆಡ್ಡಿಲ್ಲ. ಕ್ಷೇತ್ರದ ಮತದಾರರಾಗಿ ಮಾತ್ರ ಮಾತನಾಡುವುದು ಎಂದು ಬರೆದಿಟ್ಟುಕೊಂಡರು. ದೇಣಿಗೆಯ ವಿಷಯದಲ್ಲೂ ಇದೇ ಎಚ್ಚರ. ಆ ಚುನಾವಣಾ ಅವಧಿಯಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾಗಿದ್ದ ಗರಿಷ್ಠ ಮೊತ್ತ 2,100 ಡಾಲರ್. ನಾಗರಿಕರು ಮತ್ತು ಹಸಿರು ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ) ಪಡೆದವರು ಮಾತ್ರ ಕೊಡಬಹುದಿತ್ತು. ಎಲ್ಲರಿಗಿಂತ ಉತ್ಸಾಹದಿಂದಿದ್ದ ಕಿರಿಯ ವೈದ್ಯರು ವೀಸಾದಲ್ಲಿದ್ದವರು. ಅವರನ್ನು ದೇಣಿಗೆಯ ಮಾತಿನಿಂದಲೇ ದೂರ ಇಡಬೇಕಾಯಿತು. ಅವರಲ್ಲಿ ಒಬ್ಬರಿಗೆ ಇದರಿಂದ ಆದ ಬೇಸರ, ಮುಂದೆ ಹೇಳುವ ಇನ್ನೊಂದು ಘಟನೆಯವರೆಗೂ ಉಳಿಯಿತು.

ಎರಡನೆಯ ನಿರ್ಧಾರ ಇನ್ನೂ ಸೂಕ್ಷ್ಮವಾದದ್ದು. ಭಾರತ ಸರ್ಕಾರ ಆಗ ವಾಷಿಂಗ್ಟನ್‌ನಲ್ಲಿ ವೃತ್ತಿಪರ ಲಾಬಿ ಸಂಸ್ಥೆಗಳನ್ನು ಬಹಿರಂಗವಾಗಿಯೇ ನೇಮಿಸಿಕೊಂಡಿತ್ತು. ಆ ಸಂಸ್ಥೆಗಳು ವಿದೇಶಿ ಪ್ರತಿನಿಧಿಗಳ ನೋಂದಣಿಗಾಗಿ 1938ರಲ್ಲಿ ಬಂದ ಕಾನೂನಿನಡಿ ದಾಖಲಾಗಿದ್ದವು. ತಾನು ರಾಯಭಾರ ಕಚೇರಿಗೆ ಹತ್ತಿರದವನೆಂದು ಹೇಳಿಕೊಂಡ ಒಬ್ಬ ಮಧ್ಯವರ್ತಿ ಸಮಿತಿಗೆ ಸಿದ್ಧ ಟಿಪ್ಪಣಿಗಳನ್ನೂ ಯಾರನ್ನು ಯಾವಾಗ ಭೇಟಿಯಾಗಬೇಕೆಂಬ ಪಟ್ಟಿಯನ್ನೂ ಕೊಡಲು ಮುಂದೆ ಬಂದು, ಪ್ರತಿ ಭೇಟಿಯ ವರದಿಯನ್ನು ತನಗೆ ಕಳಿಸಬೇಕೆಂದು ಕೇಳಿದರು. ಬೇರೊಂದು ದೇಶದ ಸರ್ಕಾರದ ಸೂಚನೆಯಂತೆ ನಡೆದರೆ ತಾವೂ ಆ ಕಾನೂನಿನ ವ್ಯಾಪ್ತಿಗೆ ಬರುತ್ತೇವೆ ಎಂಬುದನ್ನು ಸಮಿತಿ ವಕೀಲರಿಂದ ತಿಳಿದುಕೊಂಡು, ಸಾರ್ವಜನಿಕವಾಗಿ ಲಭ್ಯವಿರುವ ದಾಖಲೆಗಳನ್ನು ಮಾತ್ರ ಓದುವುದು, ಪಟ್ಟಿ ತೆಗೆದುಕೊಳ್ಳದಿರುವುದು, ವರದಿ ಕಳಿಸದಿರುವುದು ಎಂದು ತೀರ್ಮಾನಿಸಿತು. ಕೆಲವರಿಗೆ ಇದು ಅತಿಯಾದ ಮಡಿವಂತಿಕೆಯಾಗಿ ಕಂಡಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಬುದ್ಧಿವಂತಿಕೆಯ ನಿರ್ಧಾರ ಇದೇ, ಏಕೆಂದರೆ ಮುಂದೆ ಪ್ರತಿನಿಧಿಯ ಸಹಾಯಕಿ ಕೇಳಿದ ಮೊದಲ ಪ್ರಶ್ನೆಯೇ "ನಿಮ್ಮನ್ನು ಯಾರು ಕಳಿಸಿದ್ದಾರೆ?" ಎಂಬುದಾಗಿತ್ತು.

ಮೊದಲ ಪ್ರಯತ್ನ ಮತ್ತು ಮೊದಲ ಭೇಟಿ

ಮೊದಲ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ರಾಷ್ಟ್ರೀಯ ಸಂಘಟನೆಗಳು ಕೊಟ್ಟ ಒಕ್ಕಣೆಯನ್ನೇ ಎಲ್ಲರೂ ಸಹಿ ಮಾಡಿ ಫ್ಯಾಕ್ಸ್ ಮಾಡಿದರು. ಕಚೇರಿಯಲ್ಲಿ ಅವನ್ನು ಎಣಿಸಿ ಒಂದು ಸಾಲಿನಲ್ಲಿ ದಾಖಲಿಸಿಕೊಂಡರಂತೆ, ಅಷ್ಟೇ.

ನಂತರ ಭೇಟಿಗೆ ಸಮಯ ಕೇಳಿದರು. ಯಾರು ಹೋಗಬೇಕೆಂಬ ಚರ್ಚೆ ಬಂದಾಗ, ಪ್ರತಿನಿಧಿಯ ಸ್ಥಳೀಯ ಕಚೇರಿಯ ಮುಖ್ಯಸ್ಥರ ತಂದೆಗೆ ಚಿಕಿತ್ಸೆ ನೀಡುತ್ತಿದ್ದ ಹಿರಿಯ ವೈದ್ಯರೇ ಮುಂದಾಳಾಗಬೇಕೆಂದು ಬಹಳ ಮಂದಿ ಹೇಳಿದರು. ಅವರು ಒಪ್ಪಲಿಲ್ಲ. ರೋಗಿಯ ಮನೆಯವರ ಮುಂದೆ ಕುಳಿತು ಮತ ಕೇಳುವುದು ತಮ್ಮ ವೃತ್ತಿಗೆ ತಕ್ಕುದಲ್ಲ ಎಂದು ನಿಯೋಗದಿಂದ ಪೂರ್ತಿ ಹಿಂದೆ ಸರಿದರು. ಪರಿಚಯವೇ ಈ ಗುಂಪಿನ ಬಂಡವಾಳ ಎಂದು ಮೇಲೆ ಹೇಳಿದ್ದೇನೆ. ಆ ಬಂಡವಾಳದ ಎಷ್ಟು ಭಾಗವನ್ನು ಖರ್ಚು ಮಾಡಬಾರದು ಎಂಬ ಅರಿವೂ ಅವರಿಗಿತ್ತು.

ಮೊದಲ ಭೇಟಿ ಸಹಾಯಕಿಯೊಂದಿಗೆ ನಡೆಯಿತು. ಸಮಿತಿಯವರು ಸಿದ್ಧಪಡಿಸಿಕೊಂಡು ಹೋಗಿದ್ದದ್ದು ವಿದ್ಯುತ್ತಿನ ಕಥೆ. ಬೇಸಿಗೆಯಲ್ಲಿ ಗುಲಬರ್ಗಾದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವುದು, ಆಸ್ಪತ್ರೆಗಳಲ್ಲಿ ಜನರೇಟರ್ ನಂಬಿ ಶಸ್ತ್ರಚಿಕಿತ್ಸೆ ನಡೆಸುವುದು, ತಾವು ವಿದ್ಯಾರ್ಥಿಗಳಾಗಿದ್ದಾಗ ಕಂದೀಲು ಹಚ್ಚಿಕೊಂಡು ಓದಿದ್ದು. ಎಲ್ಲವೂ ನಿಜ, ಹೇಳಿದ ರೀತಿಯೂ ಮನಮುಟ್ಟುವಂತಿತ್ತು. ಸಹಾಯಕಿ ಸಹನೆಯಿಂದ ಕೇಳಿ ಮೂರು ವಿಷಯ ಕೇಳಿದರು: ಭಾರತ ಮತ್ತೊಮ್ಮೆ ಅಣುಪರೀಕ್ಷೆ ನಡೆಸಿದರೆ ಅಮೆರಿಕ ಏನು ಮಾಡಬೇಕು? ನೀವು ಹೇಳುವ ರಾಜ್ಯದ ಅಣುಸ್ಥಾವರ ತಪಾಸಣೆಗೆ ಒಳಪಡುವ 14ರ ಪಟ್ಟಿಯಲ್ಲಿದೆಯೇ? ಹೊರಗಿನಿಂದ ಯುರೇನಿಯಂ ಬಂದರೆ ಭಾರತ ತನ್ನ ನೆಲದಲ್ಲಿ ಸಿಗುವ ಯುರೇನಿಯಂ ಅನ್ನು ಬಾಂಬಿಗೆ ತಿರುಗಿಸುವುದಿಲ್ಲ ಎಂದು ಹೇಗೆ ನಂಬುವುದು?

ಒಂದಕ್ಕೂ ಉತ್ತರವಿರಲಿಲ್ಲ. ಕರ್ನಾಟಕದಲ್ಲಿರುವ ಅಣುವಿದ್ಯುತ್ ಕೇಂದ್ರ ಕೈಗಾ. ಅದು ಆ 14ರ ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ಹೊರಗಿನಿಂದ ಬರುವ ಇಂಧನ ಅಲ್ಲಿಗೆ ಹೋಗುವಂತಿರಲಿಲ್ಲ. ಗುಲಬರ್ಗಾದ ಕತ್ತಲೆಯನ್ನು ಈ ಮಸೂದೆಗೆ ನೇರವಾಗಿ ಕಟ್ಟುವ ವಾದ ಅಲ್ಲಿಗೆ ಮುರಿದುಬಿತ್ತು.

ಗೋಗಿಯ ಪ್ರಶ್ನೆ

ಈ ಭೇಟಿಯ ನಂತರದ ಸಭೆ ಪ್ರಕರಣದ ನಿಜವಾದ ತಿರುವು. ಸಮಿತಿಯಲ್ಲಿ ಶಹಾಪುರ ತಾಲೂಕಿನ ಒಬ್ಬ ವೈದ್ಯರಿದ್ದರು. ಶಹಾಪುರ ಆಗ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಆ ತಾಲೂಕಿನ ಗೋಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಬಿಜಾಪುರದ ಆದಿಲಶಾಹಿ ವಂಶದ ಸ್ಥಾಪಕ ಯೂಸುಫ್ ಆದಿಲ್ ಶಾಹನ ಸಮಾಧಿಯಿರುವ ಊರು. ಭೂವಿಜ್ಞಾನಿಗಳಿಗೆ ಅದು ಭೀಮಾ ಜಲಾನಯನದ ಸುಣ್ಣಕಲ್ಲು ಮತ್ತು ಗ್ರಾನೈಟ್ ಸೇರುವ ಬಿರುಕಿನಲ್ಲಿ ಯುರೇನಿಯಂ ಸಿಕ್ಕ ಜಾಗ. ಪರಮಾಣು ಖನಿಜ ನಿರ್ದೇಶನಾಲಯ ಅಲ್ಲಿ ಶೋಧ ನಡೆಸಿತ್ತು, ಮತ್ತು ಅಲ್ಲಿನ ಅದಿರು ಜಾರ್ಖಂಡ್‌ನ ಹಳೆಯ ಗಣಿಗಳ ಅದಿರಿಗಿಂತ ಉತ್ತಮ ದರ್ಜೆಯದು ಎಂಬ ಮಾತಿತ್ತು.

ಸಹಾಯಕಿಯ ಮೂರನೆಯ ಪ್ರಶ್ನೆ ಕೇಳಿದ ಕೂಡಲೇ ಶಹಾಪುರದ ವೈದ್ಯರಿಗೆ ಅದು ತಮ್ಮ ಹೊಲದ ಬದುವಿನ ಪ್ರಶ್ನೆಯಾಗಿ ಕೇಳಿಸಿತು. ನಡಾವಳಿಯಲ್ಲಿ ಅವರ ವಾದ ಹೀಗೆ ದಾಖಲಾಗಿದೆ: ಹೊರಗಿನ ಯುರೇನಿಯಂ ಬಂದರೆ ಊರಿನ ಯುರೇನಿಯಂ ತೆಗೆಯುವ ಅವಸರ ತಗ್ಗುತ್ತದೆಯೋ, ಅಥವಾ ಅದು ಬೇರೆ ಉದ್ದೇಶಕ್ಕೆ ಮೀಸಲಾಗಿ ಗಣಿ ಇನ್ನೂ ಬೇಗ ಬರುತ್ತದೆಯೋ? ಇದು ಗೊತ್ತಿಲ್ಲದೆ ನಾವು ಯಾವ ಬಾಯಿಂದ ಬೆಂಬಲ ಕೇಳಬೇಕು? ಸಮಿತಿಯ ಅಧ್ಯಕ್ಷರು ಇದನ್ನು ಅಪಶಕುನದಂತೆ ಕಂಡರು. ನಾವು ಬಂದಿರುವುದು ಒಪ್ಪಂದದ ಪರ ಮಾತನಾಡಲು, ಅದರ ದೋಷ ಹುಡುಕಲು ಬೇರೆಯವರಿದ್ದಾರೆ ಎಂಬುದು ಅವರ ನಿಲುವು. ಮಾತು ಬೆಳೆದು ಇಬ್ಬರು ಎದ್ದು ಹೋದರು.

ಕೊನೆಗೆ ಒಪ್ಪಿಕೊಂಡದ್ದು ಕಾರ್ಯದರ್ಶಿಯವರ ಸಲಹೆಯನ್ನು. ಎರಡನೆಯ ಭೇಟಿಯಲ್ಲಿ ವಿದ್ಯುತ್ತಿನ ಕಥೆ ಬಿಡುವುದು. ಗೊತ್ತಿರುವುದನ್ನು ಮಾತ್ರ ಹೇಳುವುದು. ಮೂರನೆಯ ಪ್ರಶ್ನೆಗೆ ಶಹಾಪುರದವರೇ, ತಮಗೆ ಅನುಮಾನವಿದೆ ಎಂಬುದನ್ನು ಮುಚ್ಚಿಡದೆ ಉತ್ತರಿಸುವುದು. ಆ ಭೇಟಿಯಲ್ಲಿ ಅಣುಪರೀಕ್ಷೆಯ ಪ್ರಶ್ನೆಗೆ ಸಮಿತಿಯವರು ಮಸೂದೆಯ ಕರಡನ್ನೇ ತೆರೆದಿಟ್ಟರು: ಭಾರತ ಮತ್ತೆ ಸ್ಫೋಟ ನಡೆಸಿದರೆ ವಿನಾಯಿತಿ ಕೊನೆಗೊಳ್ಳುತ್ತದೆ. ಪಟ್ಟಿಯ ಪ್ರಶ್ನೆಗೆ, ಕೈಗಾ ಅದರಲ್ಲಿಲ್ಲ, ಕೂಡಂಕುಳಂನ ಎರಡು ಘಟಕಗಳಿವೆ ಎಂದರು. ಮೂರನೆಯದಕ್ಕೆ ಶಹಾಪುರದ ವೈದ್ಯರು ನಕ್ಷೆಯ ಮೇಲೆ ಗೋಗಿಯನ್ನು ತೋರಿಸಿ, ಈ ನಿಕ್ಷೇಪ ನನ್ನ ತಾಲೂಕಿನಲ್ಲಿದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ, ಆದರೆ ಈಗಿರುವ ಸ್ಥಿತಿಯಲ್ಲಿ ಒಂದೂ ರಿಯಾಕ್ಟರ್ ಹೊಸದಾಗಿ ತಪಾಸಣೆಗೆ ಬರುವುದಿಲ್ಲ, ಒಪ್ಪಂದವಾದರೆ ಹೊಸದಾಗಿ 8 ಬಂದು ಒಟ್ಟು 14 ಆಗುತ್ತವೆ ಎಂದರು. ನಿಗದಿಯಾಗಿದ್ದ ಸಮಯ ಮೀರಿ ಮಾತುಕತೆ ನಡೆಯಿತು, ಮತ್ತು ಆ ಸಲ ಪ್ರತಿನಿಧಿ ಸ್ವತಃ ಬಂದು ಕುಳಿತರು.

ಇಲ್ಲಿ ನನ್ನ ಒಂದು ಮಾತು. ಬೆಂಬಲ ಕೇಳಲು ಬಂದವರು ತಮ್ಮ ಅನುಮಾನವನ್ನೂ ತೆರೆದಿಟ್ಟರೆ ವಾದ ದುರ್ಬಲವಾಗುತ್ತದೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಆದರೆ ಪ್ರತಿನಿಧಿಯ ಕಚೇರಿಗೆ ಬೆಂಬಲದ ಮಾತು ಸಾಕಷ್ಟು ಬಂದಿತ್ತು. ಬುಷ್ ಆಡಳಿತದಿಂದ, ಅಮೆರಿಕ–ಭಾರತ ವಾಣಿಜ್ಯ ಮಂಡಳಿಯಿಂದ, ಲಾಬಿ ಸಂಸ್ಥೆಗಳಿಂದ. ಸ್ವಂತ ಮತದಾರರ ಬಾಯಲ್ಲಿ, ಆ ನೆಲದ ತಿಳಿವಳಿಕೆಯೊಂದಿಗೆ, ಪ್ರಶ್ನೆಯ ಎರಡೂ ಬದಿ ಕೇಳುವ ಅವಕಾಶ ಅವರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಮತದಾನ, ಮತ್ತು ಅದರ ಲೆಕ್ಕ

2006ರ ಜುಲೈ 26ರಂದು ಪ್ರತಿನಿಧಿ ಸಭೆ ಮಸೂದೆಯನ್ನು 359–68 ಮತಗಳಿಂದ ಅಂಗೀಕರಿಸಿತು. ಅದೇ ದಿನ, ಭಾರತ ತನ್ನ ದೇಶೀಯ ಯುರೇನಿಯಂ ಅನ್ನು ಶಸ್ತ್ರ ಕಾರ್ಯಕ್ರಮಕ್ಕೆ ಹಿಂದಿಗಿಂತ ಹೆಚ್ಚು ಬಳಸುತ್ತಿಲ್ಲ ಎಂದು ಅಮೆರಿಕದ ಅಧ್ಯಕ್ಷರು ವರ್ಷವರ್ಷ ದೃಢೀಕರಿಸಬೇಕೆಂದು ಪ್ರತಿನಿಧಿ ಬ್ರಾಡ್ ಶೆರ್ಮನ್ ತಂದ ತಿದ್ದುಪಡಿಯನ್ನು ಸಭೆ ತಿರಸ್ಕರಿಸಿತು. ಅಂಥ ಷರತ್ತು ಸೇರಿದರೆ ಭಾರತ ಒಪ್ಪಂದವನ್ನೇ ಕೈಬಿಡಬಹುದು ಎಂಬ ಭಯ ಒಪ್ಪಂದದ ಬೆಂಬಲಿಗರಿಗಿತ್ತು.

ನಮ್ಮ ಸಂಘದ ಕ್ಷೇತ್ರದ ಪ್ರತಿನಿಧಿ ಮಸೂದೆಯ ಪರ ಮತ ಹಾಕಿದರು. ಆ ತಿದ್ದುಪಡಿಯ ಪರವಾಗಿಯೂ ಹಾಕಿದರು.

ಇದನ್ನು ಗೆಲುವೆಂದು ಕರೆಯಬೇಕೇ ಎಂಬ ಬಗ್ಗೆ ಸಮಿತಿಯಲ್ಲಿ ಇಂದಿಗೂ ಒಮ್ಮತವಿಲ್ಲ. ಗೋಗಿಯ ಮಾತೆತ್ತಿ ಶತ್ರುವಿನ ಕೈಗೆ ಕೋಲು ಕೊಟ್ಟಿರಿ ಎಂದು ಅಧ್ಯಕ್ಷರ ಬಣ ದೂರಿತು. ಆ ಮಾತೆತ್ತದಿದ್ದರೆ ಮಸೂದೆಯ ಪರವಾದ ಮತವೂ ಬರುತ್ತಿರಲಿಲ್ಲ ಎಂದು ಇನ್ನೊಂದು ಬಣ. ಎರಡನ್ನೂ ಸಾಬೀತು ಮಾಡಲಾಗದು. ನಾನು ನೋಡುವಂತೆ 359–68ರ ಅಂತರದಲ್ಲಿ ಆ ಒಂದು ಮತ ಇದ್ದರೂ ಇಲ್ಲದಿದ್ದರೂ ಮಸೂದೆಯ ಹಣೆಬರಹ ಬದಲಾಗುತ್ತಿರಲಿಲ್ಲ. ಸೆನೆಟ್ ನವೆಂಬರ್ 16ರಂದು 85–12ರಿಂದ ಒಪ್ಪಿತು. ಹೈಡ್ ಕಾಯ್ದೆ ಎಂದು ಹೆಸರಾದ ಆ ಮಸೂದೆಗೆ ಡಿಸೆಂಬರ್ 18ರಂದು ಬುಷ್ ಸಹಿ ಬಿತ್ತು. ಕೆರೆಯಲ್ಲಿ ನೀರು ನಿಂತಿದ್ದಾಗ ತೂಬು ಎತ್ತುವವನಿಗೂ ಒಂದು ಕೆಲಸವಿದೆ, ಆದರೆ ಆ ನೀರು ಅವನು ತಂದದ್ದಲ್ಲ. ಚೀನಾದ ಏಳಿಗೆಯ ಬಗ್ಗೆ ಅಮೆರಿಕಕ್ಕಿದ್ದ ಲೆಕ್ಕಾಚಾರ, ರಿಯಾಕ್ಟರ್ ಮತ್ತು ರಕ್ಷಣಾ ಸಾಮಗ್ರಿ ಮಾರುವ ಕಂಪನಿಗಳ ಆಸೆ, ಶ್ವೇತಭವನದ ಹಟ, ಇವು ನೀರು ತುಂಬಿದ್ದವು.

ಊರಿನತ್ತ ತಿರುಗಿದ ಒತ್ತಡ

2008ರಲ್ಲಿ ತೊಡಕು ದೆಹಲಿಗೆ ಸ್ಥಳಾಂತರವಾಯಿತು. ಎಡಪಕ್ಷಗಳು ಒಪ್ಪಂದವನ್ನು ವಿರೋಧಿಸಿ ಜುಲೈನಲ್ಲಿ ಮನಮೋಹನ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡವು; 22ರಂದು ವಿಶ್ವಾಸಮತ ನಿಗದಿಯಾಯಿತು. ಸಮಿತಿಯ ಕೆಲವರಿಗೆ ಆಗ ಒಂದು ಯೋಚನೆ ಬಂದಿತು: ಗುಲಬರ್ಗಾದಲ್ಲಿರುವ ತಮ್ಮ ಸಹಪಾಠಿಗಳಿಂದ, ವ್ಯಾಪಾರಸ್ಥರ ಸಂಘದಿಂದ, ಮಠಗಳಿಂದ ಒಪ್ಪಂದದ ಪರ ಠರಾವು ಮಾಡಿಸಿ ಈ ಭಾಗದ ಸಂಸದರಿಗೆ ತಲುಪಿಸುವುದು. ಊರಿನಲ್ಲಿ ನರ್ಸಿಂಗ್ ಹೋಮ್ ನಡೆಸುತ್ತಿದ್ದ, ಎಲ್ಲರಿಗೂ ಹಿರಿಯರಾದ ಒಬ್ಬ ವೈದ್ಯರಿಗೆ ಫೋನ್ ಮಾಡಿದರು. ಅವರ ಉತ್ತರವನ್ನು ಕಾರ್ಯದರ್ಶಿ ನನಗೆ ಅವರ ಮಾತಿನಲ್ಲೇ ಹೇಳಿದರು: "ತಮ್ಮಾ, ನೀವು ಅಲ್ಲಿ ಓಟ್ ಹಾಕ್ತೀರಿ, ನಾವು ಇಲ್ಲಿ ಹಾಕ್ತೀವಿ. ನಮ್ಮ ಎಂಪಿಗಿ ಏನ್ ಹೇಳಬೇಕು ಅನ್ನೋದು ನಮಗ ಗೊತ್ತದ. ಸಾಲಿಗಿ ದುಡ್ಡು ಕಳಸ್ರಿ, ಅದು ಬ್ಯಾರೆ ಮಾತು."

ಸಮಿತಿ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಿತು. ಬಹುತೇಕರು ಅಮೆರಿಕದ ನಾಗರಿಕರಾಗಿದ್ದರು. ಅಲ್ಲಿನ ಪ್ರತಿನಿಧಿಯ ಮುಂದೆ ಅವರಿಗಿದ್ದ ಹಕ್ಕು ಇಲ್ಲಿನ ಸಂಸದರ ಮುಂದೆ ಇರಲಿಲ್ಲ. ದೂರದಿಂದ ತಾಯ್ನಾಡಿನ ರಾಜಕೀಯ ನಡೆಸಲು ಹೊರಟ ಎಷ್ಟೋ ಅನಿವಾಸಿ ಗುಂಪುಗಳು ಮೀರಿದ ಗೆರೆ ಇದು. ದೆಹಲಿಯ ಮೇಲೆ ಒತ್ತಡ ಹಾಕುವ ವಿದ್ಯೆಯನ್ನು ಈ ಭಾಗದವರಿಗೆ ಹೊರಗಿನವರು ಕಲಿಸಬೇಕಾದ ಅಗತ್ಯವೂ ಇರಲಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ಅವರು ಆಗಲೇ ವರ್ಷಗಟ್ಟಲೆ ಹೋರಾಡುತ್ತಿದ್ದರು, ಮತ್ತು 2012ರ 98ನೆಯ ತಿದ್ದುಪಡಿಯಲ್ಲಿ ಅದನ್ನು ಪಡೆದರು.

ಸರ್ಕಾರ 275–256ರಿಂದ ಉಳಿಯಿತು. ಸೆಪ್ಟೆಂಬರ್ 6ರಂದು ಪರಮಾಣು ಪೂರೈಕೆದಾರ ರಾಷ್ಟ್ರಗಳ ಗುಂಪು ಭಾರತಕ್ಕೆ ವಿನಾಯಿತಿ ನೀಡಿತು. ಒಪ್ಪಂದಕ್ಕೇ ಒಪ್ಪಿಗೆ ಕೊಡುವ ಮಸೂದೆಯ ಮೇಲೆ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಅಂತಿಮ ಮತದಾನ ನಡೆದದ್ದು ಸೆಪ್ಟೆಂಬರ್ 27ರಂದು, ಲೇಮನ್ ಬ್ರದರ್ಸ್ ಕುಸಿದ ಹನ್ನೆರಡು ದಿನಗಳ ನಂತರ. ಪ್ರತಿನಿಧಿಯ ಕಚೇರಿಯ ಫೋನುಗಳೆಲ್ಲ ಬ್ಯಾಂಕುಗಳ ಪಾರುಗಾಣಿಕೆ ಮಸೂದೆಯ ಮೇಲಿನ ಸಿಟ್ಟಿನ ಕರೆಗಳಿಂದ ತುಂಬಿದ್ದವು. ಸಮಿತಿಗೆ ಸಾಧ್ಯವಾದದ್ದು ಒಂದು ಪತ್ರ ಕಳಿಸುವುದಷ್ಟೇ. 298–117ರಿಂದ ಮಸೂದೆ ಗೆದ್ದಿತು, ನಮ್ಮ ಪ್ರತಿನಿಧಿ ಪರವಾಗಿದ್ದರು; ಸೆನೆಟ್ ಅಕ್ಟೋಬರ್ 1ರಂದು 86–13ರಿಂದ ಒಪ್ಪಿತು. 2006ರಲ್ಲಿ ಕಟ್ಟಿದ್ದ ಪರಿಚಯವೇ ಆಗ ಕೆಲಸ ಮಾಡಿತು ಎಂದು ಸಮಿತಿಯವರು ನಂಬುತ್ತಾರೆ. ಇರಬಹುದು. ಒಮ್ಮೆ ಪರವಾಗಿ ಮತ ಹಾಕಿದವರು ಎರಡನೆಯ ಸಲ ಬೇರೆ ಕಾರಣವಿಲ್ಲದೆ ಬದಲಾಗುವುದಿಲ್ಲ ಎಂಬುದೂ ಅಷ್ಟೇ ಸಾಕಾಗುವ ವಿವರಣೆ.

ಅದೇ ಜನ, ಅದೇ ಕಚೇರಿ, ಬೇರೆ ಬೇಡಿಕೆ

ಅನಿವಾಸಿ ಗುಂಪಿನ ಪ್ರಭಾವ ನಿಜವಾಗಿ ಎಷ್ಟು ಎಂದು ತಿಳಿಯಲು ಈ ಪ್ರಕರಣದಲ್ಲಿ ಒಂದು ಅಪರೂಪದ ಅನುಕೂಲವಿದೆ. ಇದೇ ಸಮಿತಿ, ಇದೇ ಪ್ರತಿನಿಧಿಯ ಬಳಿ, ಕೆಲವು ವರ್ಷಗಳ ನಂತರ ಮತ್ತೊಂದು ಬೇಡಿಕೆ ಇಟ್ಟಿತು. ಉದ್ಯೋಗ ಆಧಾರಿತ ಹಸಿರು ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. 1990ರ ಕಾನೂನಿನಂತೆ ಯಾವ ಒಂದು ದೇಶದವರಿಗೂ ಅದರಲ್ಲಿ ಶೇ 7ಕ್ಕಿಂತ ಹೆಚ್ಚು ಸಿಗುವಂತಿಲ್ಲ, ಹೀಗಾಗಿ ಭಾರತೀಯರ ಸರದಿ ವರ್ಷಗಟ್ಟಲೆ ಉದ್ದವಾಗಿದೆ. ಹಿಂದೆ ದೇಣಿಗೆಯ ಮಾತಿನಿಂದ ದೂರ ಇಡಲ್ಪಟ್ಟಿದ್ದ ಆ ಕಿರಿಯ ವೈದ್ಯರೇ ಈ ಸಲ ಮುಂದಾಳು. ಸಿದ್ಧತೆ 2006ಕ್ಕಿಂತ ಚೆನ್ನಾಗಿತ್ತು. ತಮ್ಮದೇ ಬದುಕಿನ ವಿಷಯ, ಕ್ಷೇತ್ರದ ಆಸ್ಪತ್ರೆಗಳ ಬೆಂಬಲ ಪತ್ರ, ವಾದದಲ್ಲಿ ತೂತಿಲ್ಲ. ದೇಶವಾರು ಮಿತಿ ತೆಗೆಯುವ ಮಸೂದೆ 2011ರ ನವೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ 389–15ರಿಂದ ಗೆದ್ದಿತು, ಅಂದರೆ ಅಣು ಒಪ್ಪಂದಕ್ಕಿಂತಲೂ ದೊಡ್ಡ ಅಂತರದಿಂದ. ಸೆನೆಟ್‌ನಲ್ಲಿ ಅದು ಕಾನೂನಾಗದೆ ಉಳಿಯಿತು.

ಎರಡರ ನಡುವಿನ ವ್ಯತ್ಯಾಸವನ್ನು ಸಮಿತಿಯ ಸಾಮರ್ಥ್ಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಣು ಒಪ್ಪಂದ ಸಿಕ್ಕಿಬಿದ್ದಾಗಲೆಲ್ಲ ಅದನ್ನು ಬಿಡಿಸಿಕೊಂಡು ಮುಂದಕ್ಕೆ ತಳ್ಳುವ ಒಬ್ಬ ಅಧ್ಯಕ್ಷ, ಒಂದು ವಿದೇಶಾಂಗ ಇಲಾಖೆ, ಇನ್ನೊಂದು ದೇಶದ ಸರ್ಕಾರ ಇದ್ದವು. ಹಸಿರು ಕಾರ್ಡ್ ಮಸೂದೆಯನ್ನು ಬಯಸುವವರಿದ್ದರು, ತಳ್ಳುವವರಿರಲಿಲ್ಲ. ಇಂಥ ಕೆಲಸಕ್ಕೆ ಇಳಿಯುವ ಯಾವುದೇ ಗುಂಪು ತನ್ನ ಬೇಡಿಕೆಯನ್ನು ಅಧಿಕಾರದಲ್ಲಿರುವವರಲ್ಲಿ ಈಗಾಗಲೇ ಬಯಸುತ್ತಿರುವವರು ಯಾರು ಎಂದು ಮೊದಲು ಕೇಳಿಕೊಳ್ಳಬೇಕು. ಯಾರೂ ಇಲ್ಲವಾದರೆ, ಒಳ್ಳೆಯ ವಾದ ಮತ್ತು ಒಳ್ಳೆಯ ಪರಿಚಯ ಎರಡೂ ಸೇರಿ ಒಂದು ಸದನ ದಾಟಿಸಬಹುದು, ಕಾನೂನು ಮಾಡಿಸಲಾರವು.

ಒಪ್ಪಂದದ ಫಲವೂ ಹೇಳಿದಂತೆ ಬರಲಿಲ್ಲ. ಫ್ರಾನ್ಸ್, ರಷ್ಯಾ, ಕಜಕಸ್ತಾನ, ನಂತರ ಕೆನಡಾದಿಂದ ಯುರೇನಿಯಂ ಬಂದು ತಪಾಸಣೆಗೊಳಪಟ್ಟ ಸ್ಥಾವರಗಳ ಉತ್ಪಾದನೆ ಸುಧಾರಿಸಿತು. ಆದರೆ ಅಪಘಾತವಾದರೆ ಉಪಕರಣ ಪೂರೈಸಿದವರನ್ನೂ ಹೊಣೆಯಾಗಿಸುವ 2010ರ ಕಾಯ್ದೆಯ ನಂತರ ಅಮೆರಿಕದ ಕಂಪನಿಗಳು ಹಿಂಜರಿದವು. ಯಾವ ವ್ಯಾಪಾರದ ಆಸೆ ತೋರಿಸಿ ಮಸೂದೆ ಮಾರಲಾಗಿತ್ತೋ ಆ ವ್ಯಾಪಾರದ ಒಂದೂ ರಿಯಾಕ್ಟರ್ ಭಾರತದಲ್ಲಿ ಮೇಲೇಳಲಿಲ್ಲ.

ಗೋಗಿಯಲ್ಲಿ ಯುರೇನಿಯಂ ನಿಗಮದ ಅನ್ವೇಷಣಾ ಗಣಿ ಕೆಲಸ ನಡೆಯಿತು. ನೀರು ಮತ್ತು ಆರೋಗ್ಯದ ಆತಂಕದಿಂದ ಸುತ್ತಲಿನ ಹಳ್ಳಿಗಳವರು ಪ್ರತಿಭಟಿಸಿದರು. ಶಹಾಪುರದ ವೈದ್ಯರು ಸಂಘದ ಮುಂದೆ ಒಂದು ಪ್ರಸ್ತಾವ ಇಟ್ಟರು: ವಿದ್ಯಾರ್ಥಿವೇತನಕ್ಕೂ ಕಣ್ಣಿನ ಶಿಬಿರಕ್ಕೂ ಕೊಡುವ ಹಣದಲ್ಲಿ ಒಂದು ಪಾಲು ತೆಗೆದು ಗೋಗಿಯ ಬಾವಿ, ಬೋರ್‌ವೆಲ್‌ಗಳ ನೀರನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿಯನ್ನು ಜಿಲ್ಲಾಡಳಿತಕ್ಕೆ ಕೊಡೋಣ. ವಾಷಿಂಗ್ಟನ್ನಿನ ವಿದೇಶಾಂಗ ನೀತಿಯ ಬಗ್ಗೆ ತನ್ನ ಸದಸ್ಯರೇ ಮಾತನಾಡಿದ್ದ ಸಂಘ, ಇದು ರಾಜಕೀಯ ವಿಷಯ, ಧರ್ಮಾರ್ಥ ಸಂಸ್ಥೆಗೆ ತಕ್ಕದ್ದಲ್ಲ ಎಂದು ಅದನ್ನು ಬಹುಮತದಿಂದ ಕೈಬಿಟ್ಟಿತು. ಕಾರ್ಯದರ್ಶಿಯವರ ಮತವೂ ವಿರುದ್ಧವಾಗಿಯೇ ಬಿತ್ತು. ಶಹಾಪುರದವರು ಮತ್ತು ಇನ್ನಿಬ್ಬರು ತಮ್ಮ ಸ್ವಂತ ಹೆಸರಿನಲ್ಲಿ, ಸ್ವಂತ ಹಣದಲ್ಲಿ ಆ ಕೆಲಸಕ್ಕೆ ಕೈಹಾಕಿದ್ದಾರೆ. ಜಿಲ್ಲಾಡಳಿತಕ್ಕೆ ಅವರು ಬರೆದ ಪತ್ರಕ್ಕೆ ಸ್ವೀಕೃತಿ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.